ಎರವಲು ಹೆಸರಿನ ಪತ್ತು

ಕೋಯಮತ್ತೂರಿನಿಂದ ತಿರುಚಿನಾಪಳ್ಳಿಗೆ ಹೋಗುವ ಹೆದ್ದಾರಿಯ ಮೇಲಿರುವ ಪಲ್ಲಡಂ ಪಟ್ಟಣವು 2009ರಲ್ಲಿ ತಿರುಪ್ಪೂರು ಜಿಲ್ಲೆ ಪ್ರತ್ಯೇಕವಾಗುವವರೆಗೂ ಕೋಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಇಂದು ಅದು ವಿದ್ಯುನ್ಮಗ್ಗ, ಕೋಳಿ ಸಾಕಣೆ ಎಂಬ ಎರಡು ಕಸುಬುಗಳಿಂದ ದಕ್ಷಿಣ ದೇಶದಲ್ಲೆಲ್ಲ ಹೆಸರಾಗಿದೆ. ಈ ಎರಡು ಕಸುಬುಗಳಿಗೂ ಸಮಾನವಾದ ಲಕ್ಷಣವೊಂದುಂಟು. ಕೆಲಸಗಾರನ ಮನೆಯಲ್ಲಿರುವ ಸರಕು ಬಹುಮಟ್ಟಿಗೆ ಕೆಲಸಗಾರನದಲ್ಲ. ಬಟ್ಟೆಯ ವ್ಯಾಪಾರಿ ನೂಲನ್ನು ಕೊಡುತ್ತಾನೆ, ಮಗ್ಗದವನು ಕೂಲಿಗೆ ನೇಯ್ದು, ಆ ಸೀಮೆಯವರು ಕಾಡಾ ಎಂದು ಕರೆಯುವ ಒರಟು ಹತ್ತಿಯ ಬಟ್ಟೆಯನ್ನು ಹಿಂದಿರುಗಿಸುತ್ತಾನೆ. ಕೋಳಿಯ ಕಂಪನಿ ಮರಿಯನ್ನೂ ಮೇವನ್ನೂ ಔಷಧವನ್ನೂ ಕೊಡುತ್ತದೆ, ರೈತನು ತನ್ನ ಕೊಟ್ಟಿಗೆಯಲ್ಲಿ ಅವನ್ನು ಬೆಳೆಸಿ ಸಾಕಣೆಯ ಕೂಲಿಯನ್ನು ಪಡೆಯುತ್ತಾನೆ. ಪರರ ಸೊತ್ತು ತನ್ನ ಮನೆಯಲ್ಲಿದ್ದಾಗ ಅದನ್ನು ತನ್ನದಕ್ಕಿಂತ ಜಾಗರೂಕತೆಯಿಂದ ಕಾಯಬೇಕೆಂಬ ನಂಬಿಕೆಯ ಮೇಲೆ ಈ ಊರಿನ ಸಂಪತ್ತೆಲ್ಲ ನಿಂತಿದೆ.

ಇಂಥ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿ, ಬೀದಿಯಲ್ಲಿ ತಮಿಳನ್ನೂ ಮನೆಯೊಳಗೆ ಕನ್ನಡವನ್ನೂ ಆಡುತ್ತ, ಚೌಡೇಶ್ವರಿಯನ್ನು ಕುಲದೇವತೆಯೆಂದು ಪೂಜಿಸುತ್ತ ಬಂದಿರುವ ದೇವಾಂಗ ನೇಕಾರರಿಗೆ ಪತ್ತು ಎಂಬುದು ಹೊಸ ವಿಷಯವೇನೂ ಅಲ್ಲ. ಯಾವ ಮನೆಗೆ ಎಷ್ಟು ನೂಲನ್ನು ನಂಬಿ ಕೊಡಬಹುದು, ಯಾವ ಮನೆಯ ಮಾತು ತೂಕದ್ದು ಎಂಬ ಲೆಕ್ಕವು ಬರೆದಿಡದ ಖಾತೆಯಾಗಿ ಊರವರ ಮನಸ್ಸಿನಲ್ಲಿ ಇದ್ದೇ ಇದ್ದಿತು. ಆದರೆ ಆ ಲೆಕ್ಕ ಮನೆತನದ ಹೆಸರಿನಲ್ಲಿ ನಡೆಯುತ್ತಿದ್ದಿತು. ತಂದೆಯ ಕೀರ್ತಿ ಮಗನಿಗೆ ದಕ್ಕುತ್ತಿದ್ದಿತು. ಮಾವನ ಹೆಸರನ್ನು ಹೇಳಿ ಸೊಸೆಯು ಅಂಗಡಿಯಲ್ಲಿ ಸಾಮಾನು ತರಬಹುದಾಗಿದ್ದಿತು. ಈಗ ಬಂದಿರುವ ಹೊಸ ಲೆಕ್ಕವು ಮನೆತನವನ್ನು ಅರಿಯದು. ಅದು ವ್ಯಕ್ತಿಯೊಬ್ಬನನ್ನೇ, ಅದರಲ್ಲಿಯೂ ಅವನ ಹೆಸರಿನಲ್ಲಿ ದಾಖಲೆಯಾದ ಸಾಲವನ್ನಷ್ಟೇ ಅರಿಯುತ್ತದೆ. ಹಳೆಯ ಲೆಕ್ಕದ ಸಂಸ್ಕಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಸ ಲೆಕ್ಕದೊಳಕ್ಕೆ ಕಾಲಿಟ್ಟವರು ಮೋಸಹೋಗುವ ಸ್ಥಳಗಳು ಹಲವು. ಅವುಗಳಲ್ಲೊಂದು ಆಡ್-ಆನ್ ಕ್ರೆಡಿಟ್ ಕಾರ್ಡು.

ಮೊದಲು ಹೊಸ ಲೆಕ್ಕದ ಸ್ವರೂಪವನ್ನು ಸ್ವಲ್ಪದರಲ್ಲಿ ನೋಡೋಣ. ಸಿಬಿಲ್ ಎಂದು ಜನಜನಿತವಾದ ಸಾಲಮಾಹಿತಿ ಸಂಸ್ಥೆ ಸ್ಥಾಪಿತವಾದದ್ದು 2000ದಲ್ಲಿ. ಇಂಥ ಸಂಸ್ಥೆಗಳ ನಿಯಂತ್ರಣಕ್ಕಾಗಿ ಸಂಸತ್ತು ಕಾನೂನು ಮಾಡಿದ್ದು 2005ರಲ್ಲಿ. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಈ ಕಾರ್ಯವನ್ನು ನಡೆಸುತ್ತಿವೆ. ಬ್ಯಾಂಕುಗಳೂ ಇತರ ಸಾಲಸಂಸ್ಥೆಗಳೂ ಕಳುಹಿಸುವ ಲೆಕ್ಕಗಳನ್ನು ಒಟ್ಟುಗೂಡಿಸಿ ಅವು ಪ್ರತಿಯೊಬ್ಬ ಸಾಲಗಾರನಿಗೂ 300ರಿಂದ 900ರವರೆಗೆ ಒಂದು ಅಂಕವನ್ನು ಕೊಡುತ್ತವೆ. ಕಂತನ್ನು ವಾಯಿದೆಗೆ ಸರಿಯಾಗಿ ಕಟ್ಟಿದನೆ, ದೊರೆತ ಸಾಲದ ಮಿತಿಯಲ್ಲಿ ಎಷ್ಟು ಭಾಗವನ್ನು ಬಳಸಿಕೊಂಡಿದ್ದಾನೆ, ಸಾಲದ ಚರಿತ್ರೆ ಎಷ್ಟು ಹಳೆಯದು, ಯಾವ ಯಾವ ಬಗೆಯ ಸಾಲಗಳಿವೆ, ಹೊಸ ಸಾಲಕ್ಕಾಗಿ ಎಷ್ಟು ಕಡೆ ಅರ್ಜಿ ಹಾಕಿದ್ದಾನೆ ಎಂಬಿವು ಆ ಅಂಕವನ್ನು ನಿರ್ಣಯಿಸುವ ಮುಖ್ಯ ಕಾರಣಗಳು. ವರಮಾನವೆಷ್ಟು, ನಡತೆಯೆಂಥದು, ಬಂಧುಗಳು ಯಾರು ಎಂಬ ಪ್ರಶ್ನೆಗಳಿಗೆ ಅಲ್ಲಿ ಸ್ಥಾನವಿಲ್ಲ.

ಇನ್ನು ಆಡ್-ಆನ್ ಕಾರ್ಡೆಂದರೆ, ಒಬ್ಬನಿಗೆ ಮಂಜೂರಾದ ಕ್ರೆಡಿಟ್ ಕಾರ್ಡಿನ ಖಾತೆಯ ಮೇಲೆಯೇ ಅವನ ಪತ್ನಿಗೋ ಮಕ್ಕಳಿಗೋ ತಂದೆತಾಯಿಗಳಿಗೋ ಕೊಡುವ ಇನ್ನೊಂದು ಕಾರ್ಡು. ಕಾರ್ಡಿನ ಮೇಲೆ ಮುದ್ರಿತವಾದ ಹೆಸರು ಬೇರೆ; ಖಾತೆ ಒಂದೇ, ಮಿತಿ ಒಂದೇ, ತಿಂಗಳ ಬಿಲ್ಲೂ ಒಂದೇ. ಅಮೆರಿಕದವರು ಇಂಥ ಕಾರ್ಡು ಹಿಡಿದವರನ್ನು ಅಧಿಕೃತ ಬಳಕೆದಾರರೆಂದು ಕರೆಯುತ್ತಾರೆ. ನಮ್ಮ ರಿಸರ್ವ್ ಬ್ಯಾಂಕು 2022ರ ಏಪ್ರಿಲಿನಲ್ಲಿ ಹೊರಡಿಸಿದ ಕಾರ್ಡುಗಳ ನಿರ್ದೇಶನದಲ್ಲಿ ಈ ವಿಷಯವಾಗಿ ಸಂದಿಗ್ಧಕ್ಕೆ ಎಡೆಗೊಟ್ಟಿಲ್ಲ: ಮುಖ್ಯ ಕಾರ್ಡುದಾರನು ಹೆಸರಿಸಿದವರಿಗೆ ಮಾತ್ರ ಆಡ್-ಆನ್ ಕಾರ್ಡನ್ನು ಕೊಡತಕ್ಕದ್ದು, ಮತ್ತು ಅದರ ಮೇಲಿನ ಖರ್ಚಿನ ಹೊಣೆ ಮುಖ್ಯ ಕಾರ್ಡುದಾರನದೇ ಎಂಬ ಸ್ಪಷ್ಟ ತಿಳಿವಳಿಕೆಯ ಮೇಲೆ ಕೊಡತಕ್ಕದ್ದು.

ಹೊಣೆ ಯಾರದೆಂಬುದು ನಿರ್ಣಯವಾದ ಮೇಲೆ ಅಂಕ ಯಾರದೆಂಬುದೂ ಬಹುಮಟ್ಟಿಗೆ ನಿರ್ಣಯವಾದಂತೆಯೇ. ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎಂಟು ಮಗ್ಗಗಳ ಯಜಮಾನನಿಗೆ 1 ಲಕ್ಷ ರೂಪಾಯಿ ಮಿತಿಯ ಕಾರ್ಡು ಉಂಟು. ಅವನ ಸ್ವಂತದ ಖರ್ಚು ತಿಂಗಳಿಗೆ 20 ಸಾವಿರ. ಕೋಯಮತ್ತೂರಿನಲ್ಲಿ ಓದುತ್ತಿರುವ ಮಗನು ತನ್ನ ಆಡ್-ಆನ್ ಕಾರ್ಡಿನಿಂದ ಒಂದು ತಿಂಗಳು 50 ಸಾವಿರಕ್ಕೆ ಕಂಪ್ಯೂಟರನ್ನು ಕೊಂಡನೆಂದರೆ, ಖಾತೆಯ ಮಿತಿಯಲ್ಲಿ ನೂರಕ್ಕೆ 70 ಭಾಗ ಬಳಕೆಯಾದಂತಾಯಿತು. ಬಳಕೆಯು ನೂರಕ್ಕೆ 30ನ್ನು ಮೀರದಿದ್ದರೆ ಒಳಿತೆಂಬುದು ಈ ವಿಷಯವನ್ನು ಬಲ್ಲವರು ಸಾಮಾನ್ಯವಾಗಿ ಹೇಳುವ ಮಾತು. ಮೀರಿದ ಆ ತಿಂಗಳು ಕುಗ್ಗಬಹುದಾದ ಅಂಕ ತಂದೆಯದು. ಬಿಲ್ಲು ವಾಯಿದೆ ದಾಟಿ ಮೂರು ದಿನಗಳಿಗಿಂತ ಹೆಚ್ಚು ಬಾಕಿಯಾಗಿ ನಿಂತರೆ ಬ್ಯಾಂಕು ಅದನ್ನು ಬಾಕಿಯೆಂದು ವರದಿ ಮಾಡಬಹುದು. ಆಗಲೂ ಕಲೆ ಹತ್ತುವುದು ತಂದೆಯ ಹೆಸರಿಗೆ. ಮಗನಿಗೆ ಇದರಿಂದ ನಮ್ಮ ದೇಶದ ರೂಢಿಯಲ್ಲಿ ಸಾಮಾನ್ಯವಾಗಿ ನಷ್ಟವಿಲ್ಲ. ಅಂತೆಯೇ, ತಂದೆಯು ಹತ್ತು ವರ್ಷ ಒಂದು ಬಿಲ್ಲನ್ನೂ ತಪ್ಪಿಸದೆ ಕಟ್ಟಿದ್ದರೂ ಆ ಪುಣ್ಯದ ಪಾಲೂ ಮಗನಿಗೆ ಸಾಮಾನ್ಯವಾಗಿ ಬರುವುದಿಲ್ಲ. ಸಿಬಿಲ್ ವರದಿಯ ನಮೂನೆಯಲ್ಲಿ ಖಾತೆಯ ಒಡೆತನವನ್ನು ಸೂಚಿಸುವ ಅಂಕಣದಲ್ಲಿ ವೈಯಕ್ತಿಕ, ಜಂಟಿ, ಜಾಮೀನುದಾರ ಎಂಬವುಗಳ ಜೊತೆಗೆ ಅಧಿಕೃತ ಬಳಕೆದಾರ ಎಂಬ ವರ್ಗವೂ ಉಂಟೆಂಬುದು ನಿಜ. ಆದರೆ ವರ್ಗವಿದ್ದ ಮಾತ್ರಕ್ಕೆ ಅದು ತುಂಬಿದೆಯೆಂದು ಭಾವಿಸತಕ್ಕದ್ದಲ್ಲ. ತನ್ನ ವಿಷಯದಲ್ಲಿ ಅಲ್ಲಿ ಏನು ದಾಖಲಾಗಿದೆಯೆಂಬುದನ್ನು ಪ್ರತಿಯೊಬ್ಬನೂ ತನ್ನ ವರದಿಯನ್ನು ತರಿಸಿ ನೋಡಿಯೇ ತಿಳಿಯಬೇಕು. ನಾಲ್ಕು ಸಂಸ್ಥೆಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಶುಲ್ಕವಿಲ್ಲದೆ ಕೊಡಬೇಕೆಂಬ ನಿಯಮವು 2017ರಿಂದ ಜಾರಿಯಲ್ಲಿದೆ.

ಹೊಣೆ ಹೊತ್ತವನಿಗೇ ಅಂಕವೆಂಬ ಈ ಪದ್ಧತಿ ನ್ಯಾಯವೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಅಮೆರಿಕದ ಅನುಭವ ನಮಗೆ ಬಹಳ ಉಪಯುಕ್ತವಾದುದು. ಅಲ್ಲಿ ಒಂದು ಕಾಲದಲ್ಲಿ ವಿವಾಹಿತ ಸ್ತ್ರೀಯ ಸಾಲದ ಚರಿತ್ರೆಯೆಲ್ಲವೂ ಗಂಡನ ಹೆಸರಿನಲ್ಲಿ ಲೀನವಾಗಿಬಿಡುತ್ತಿದ್ದಿತು. ವಿಧವೆಯಾದವಳೋ ವಿಚ್ಛೇದನ ಪಡೆದವಳೋ ಸ್ವಂತದ ಸಾಲಕ್ಕೆ ಹೋದಾಗ, ವರ್ಷಗಟ್ಟಲೆ ಆ ಖಾತೆಯನ್ನು ಬಳಸಿ ಬಿಲ್ಲು ತೀರಿಸಿದ್ದವಳು ತಾನೇ ಆಗಿದ್ದರೂ, ಆಕೆ ದಾಖಲೆಯಿಲ್ಲದ ಅಪರಿಚಿತೆಯಾಗಿ ನಿಲ್ಲಬೇಕಾಗುತ್ತಿದ್ದಿತು. ಈ ಅನ್ಯಾಯವನ್ನು ತಡೆಯಲು 1974ರಲ್ಲಿ ಸಮಾನ ಸಾಲಾವಕಾಶದ ಕಾನೂನು ಬಂದಿತು. 1977ರಿಂದ ಗಂಡಹೆಂಡಿರಿಬ್ಬರೂ ಬಳಸುವ ಖಾತೆಯನ್ನು ಇಬ್ಬರ ಹೆಸರಿನಲ್ಲಿಯೂ ವರದಿ ಮಾಡಬೇಕೆಂಬ ನಿಯಮವಾಯಿತು. ಅಧಿಕೃತ ಬಳಕೆದಾರನಿಗೂ ಅಂಕದಲ್ಲಿ ಪಾಲು ದೊರೆಯುವ ಅಲ್ಲಿಯ ಪದ್ಧತಿಗೆ ಈ ನಿಯಮವೇ ಬೇರು. ಉದ್ದೇಶ ಉದಾತ್ತವಾದುದು, ಫಲವೂ ಬಹುಕಾಲ ಒಳ್ಳೆಯದೇ ಆಯಿತು.

ಆದರೆ ಹೊಣೆಯಿಲ್ಲದೆ ಕೀರ್ತಿ ದೊರೆಯುವ ಕಡೆಗೆ ವ್ಯಾಪಾರಿಗಳು ಬಂದು ಸೇರುವುದು ಲೋಕದ ನಿಯಮ. ಒಳ್ಳೆಯ ಚರಿತ್ರೆಯುಳ್ಳ ಅಪರಿಚಿತನ ಖಾತೆಗೆ ಹಣ ತೆತ್ತು ತನ್ನ ಹೆಸರನ್ನು ಸೇರಿಸಿಕೊಳ್ಳುವ ಮಾರುಕಟ್ಟೆಯೇ ಅಲ್ಲಿ ಹುಟ್ಟಿಕೊಂಡಿತು. ಹೆಸರು ಸೇರಿಸಿಕೊಂಡವನು ಆ ಕಾರ್ಡನ್ನು ಕಣ್ಣಿಂದ ಕಾಣಬೇಕಾಗಿಯೂ ಇರಲಿಲ್ಲ; ಕೆಲವು ತಿಂಗಳು ಆ ಖಾತೆಯ ನೆರಳಿನಲ್ಲಿದ್ದು, ಏರಿದ ಅಂಕವನ್ನು ತೋರಿಸಿ ಮನೆಸಾಲವನ್ನು ಪಡೆದರೆ ಸಾಕಾಗಿತ್ತು. 1956ರಲ್ಲಿ ಸ್ಥಾಪಿತವಾಗಿ ಅಂಕಗಣನೆಯಲ್ಲಿ ಅಗ್ರಗಣ್ಯವಾದ ಫೇರ್ ಐಸಾಕ್ ಸಂಸ್ಥೆಯು, ಇದರಿಂದ ಬೇಸತ್ತು, ತನ್ನ ಹೊಸ ಗಣನೆಯಲ್ಲಿ ಅಧಿಕೃತ ಬಳಕೆದಾರರ ಖಾತೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು 2007ರಲ್ಲಿ ಸಾರಿತು. ಹಾಗೆ ಮಾಡಿದರೆ ಯಾವ ಗೃಹಿಣಿಯರಿಗಾಗಿ ಆ ಪದ್ಧತಿ ಹುಟ್ಟಿತೋ ಅವರೇ ಮತ್ತೆ ಕತ್ತಲೆಗೆ ಬೀಳುವರೆಂಬ ಆಕ್ಷೇಪ ಬಂದಿತು. 2008ರಲ್ಲಿ ಸಂಸ್ಥೆಯು ತನ್ನ ಮಾತನ್ನು ಹಿಂತೆಗೆದುಕೊಂಡು, ನಿಜವಾದ ಕುಟುಂಬದವರನ್ನೂ ಬಾಡಿಗೆಯ ಹೆಸರಿನವರನ್ನೂ ಬೇರ್ಪಡಿಸುವ ಉಪಾಯವನ್ನು ಗಣನೆಯಲ್ಲಿಯೇ ಅಳವಡಿಸುವುದಾಗಿ ಹೇಳಬೇಕಾಯಿತು.

ಈ ವೃತ್ತಾಂತದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಹೊಣೆಯಿಲ್ಲದವನಿಗೆ ಪತ್ತನ್ನು ಕೊಟ್ಟರೆ ಪತ್ತು ಸುಳ್ಳಾಗುತ್ತದೆ. ದುಡಿದು ತೀರಿಸಿದವಳಿಗೆ ಪತ್ತನ್ನು ಕೊಡದಿದ್ದರೆ ಅದೂ ಸುಳ್ಳೇ. ಮೊದಲನೆಯ ಸುಳ್ಳು ಸಾಲ ಕೊಡುವವನಿಗೆ ಹಾನಿ, ಎರಡನೆಯದು ಸಾಲ ಬೇಕಾದವಳಿಗೆ ಹಾನಿ. ಅಮೆರಿಕವು ಎರಡನೆಯದನ್ನು ತೊಡೆಯಲು ಹೋಗಿ ಮೊದಲನೆಯದಕ್ಕೆ ಬಾಗಿಲು ತೆರೆಯಿತು. ನಾವು ಮೊದಲನೆಯದಕ್ಕೆ ಬಾಗಿಲು ಮುಚ್ಚಿದ್ದೇವೆ, ಎರಡನೆಯದು ನಮ್ಮ ಮನೆಗಳಲ್ಲಿ ಹಾಗೆಯೇ ಉಳಿದಿದೆ. ಪತ್ತು ಹೊಣೆಯನ್ನು ಅನುಸರಿಸಬೇಕೆಂಬ ನಮ್ಮ ದೇಶದ ನಿಯಮವೇ ತತ್ತ್ವದೃಷ್ಟಿಯಿಂದ ಹೆಚ್ಚು ಸರಿಯಾದುದೆಂದು ನನ್ನ ಅಭಿಪ್ರಾಯ. ಆದರೆ ಆ ನಿಯಮವು ನ್ಯಾಯವಾಗಬೇಕಾದರೆ, ಕೆಲಸ ಮಾಡುವವರಿಗೆ ಹೊಣೆ ಹೊರುವ ಅವಕಾಶವೂ ಇರಬೇಕು.

ನಮ್ಮ ನಾಡಿನ ಹಳೆಯ ಅನುಭವವೂ ಈ ತತ್ತ್ವವನ್ನೇ ಸಮರ್ಥಿಸುತ್ತದೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾನೂನಿನ ಬೆನ್ನಿಗೆ, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿಕರ ಪತ್ತಿನ ಸಂಘವು ಸ್ಥಾಪಿತವಾಯಿತು. ಆ ಕಾಲದ ಗ್ರಾಮೀಣ ಸಂಘಗಳು ಸಾಮಾನ್ಯವಾಗಿ ಅಪರಿಮಿತ ಹೊಣೆಯ ಮೇಲೆ ನಡೆಯತಕ್ಕವು. ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಸರ್ವಸ್ವದಿಂದ ಉತ್ತರವಾದಿಯಾಗಿದ್ದನು. ಒಬ್ಬೊಬ್ಬನೇ ಹೋದರೆ ಯಾವ ಸಾಹುಕಾರನೂ ನ್ಯಾಯವಾದ ಬಡ್ಡಿಗೆ ಹಣ ಕೊಡದಿದ್ದ ಬಡ ರೈತರಿಗೆ ಒಟ್ಟಾಗಿ ಪತ್ತು ಬಂದದ್ದು ಈ ಹೊಣೆಯ ಬಲದಿಂದ. ಅವರು ಹೆಸರನ್ನು ಎರವಲು ಪಡೆಯಲಿಲ್ಲ; ಭಾರವನ್ನು ಹಂಚಿಕೊಂಡರು, ಆದುದರಿಂದ ಮರ್ಯಾದೆಯನ್ನೂ ಹಂಚಿಕೊಂಡರು. ಇಂದಿನ ಸ್ತ್ರೀ ಸ್ವಸಹಾಯ ಸಂಘಗಳಲ್ಲಿಯೂ ನಡೆಯುತ್ತಿರುವುದು ಅದೇ ಧರ್ಮ. ಆಡ್-ಆನ್ ಕಾರ್ಡಿನಲ್ಲಿ ಭಾರದ ಹಂಚಿಕೆಯೇ ಇಲ್ಲ. ಇರುವುದು ಅನುಕೂಲದ ಹಂಚಿಕೆ ಮಾತ್ರ.

ಪಲ್ಲಡಂ ಸುತ್ತಿನ ಮಗ್ಗದ ಮನೆಗಳಲ್ಲಿ ಈ ಭೇದ ಎಷ್ಟು ಗಂಭೀರವಾದುದೆಂಬುದನ್ನು ಯೋಚಿಸಬೇಕು. ಮಗ್ಗದ ಕಸುಬು ಒಬ್ಬನ ಕಸುಬಲ್ಲ. ಲಾಳಿಗೆ ನೂಲು ಸುತ್ತುವುದು, ಕಡಿದ ಎಳೆಯನ್ನು ಗಂಟುಹಾಕುವುದು, ಕೂಲಿಯಾಳುಗಳ ವಾರದ ಬಟವಾಡೆ, ಕರೆಂಟಿನ ಬಿಲ್ಲು, ವ್ಯಾಪಾರಿಯಿಂದ ಬರಬೇಕಾದ ಕೂಲಿಯ ಲೆಕ್ಕ ಇವುಗಳಲ್ಲಿ ಅನೇಕ ಕಾರ್ಯಗಳು ಮನೆಯ ಹೆಂಗಸರ ಕೈಯಲ್ಲಿಯೇ ನಡೆಯುತ್ತವೆ. 2022ರ ಮೊದಲ ತಿಂಗಳುಗಳಲ್ಲಿ ಕೂಲಿಯ ದರಕ್ಕಾಗಿ ಕೋಯಮತ್ತೂರು ತಿರುಪ್ಪೂರು ಜಿಲ್ಲೆಗಳ ಮಗ್ಗದವರು ಮುಷ್ಕರ ಹೂಡಿ ಮಗ್ಗಗಳನ್ನು ನಿಲ್ಲಿಸಿದಂಥ ಕಾಲದಲ್ಲಿ, ಇರುವ ಹಣದಲ್ಲಿ ಯಾವ ಕಂತನ್ನು ಮೊದಲು ಕಟ್ಟಬೇಕು, ಯಾವುದಕ್ಕೆ ವಾಯಿದೆ ಬೇಡಬೇಕು ಎಂಬ ಕಠಿನ ನಿರ್ಣಯದ ಭಾರ ಗೃಹಿಣಿಯ ತಲೆಯ ಮೇಲೂ ಬೀಳುತ್ತದೆ. ಸಾಲಯೋಗ್ಯತೆಯೆಂದರೆ ಮುಖ್ಯವಾಗಿ ಈ ವಿವೇಕವೇ. ಆದರೆ ಕಾರ್ಡು ಗಂಡನದು, ಆಕೆಯದು ಆಡ್-ಆನ್; ಮಗ್ಗದ ಸಾಲ ಗಂಡನದು, ಆಕೆಯದು ಬರಿಯ ಶ್ರಮ. ಆಕೆಯ ವಿವೇಕದಿಂದ ಕೂಡಿಬಂದ ಅಂಕವೆಲ್ಲವೂ ಇನ್ನೊಬ್ಬರ ಹೆಸರಿಗೆ ಜಮೆಯಾಗುತ್ತದೆ.

ಗಂಡನು ಬದುಕಿರುವವರೆಗೆ, ಮನೆ ಒಗ್ಗಟ್ಟಾಗಿರುವವರೆಗೆ, ಇದರ ಕೊರತೆ ಕಾಣುವುದಿಲ್ಲ. ಮುಖ್ಯ ಕಾರ್ಡುದಾರನು ತೀರಿಕೊಂಡರೆ ಖಾತೆಯನ್ನು ಮುಚ್ಚಬೇಕಾಗುತ್ತದೆ, ಅದರೊಂದಿಗೆ ಆಡ್-ಆನ್ ಕಾರ್ಡೂ ಕೊನೆಗಾಣುತ್ತದೆ. ಮಗ್ಗಗಳು ಹಾಗೆಯೇ ಇವೆ, ಕೂಲಿಯಾಳುಗಳು ಹಾಗೆಯೇ ಇದ್ದಾರೆ, ವ್ಯಾಪಾರಿಗೆ ಆಕೆಯ ಮಾತಿನ ಮೇಲೆ ನಂಬಿಕೆಯೂ ಉಂಟು. ಆದರೆ ಹಳೆಯ ಮಗ್ಗಗಳನ್ನು ತೆಗೆದು ಹೊಸವನ್ನು ಹಾಕಲು ಆಕೆ ಸಾಲಕ್ಕೆ ಅರ್ಜಿ ಕೊಟ್ಟಾಗ ಬ್ಯಾಂಕಿನ ಗಣಕಯಂತ್ರಕ್ಕೆ ಆಕೆಯ ಹೆಸರಿನಲ್ಲಿ ಏನೂ ಕಾಣುವುದಿಲ್ಲ. ಕೆಟ್ಟ ಚರಿತ್ರೆಯಿದ್ದರೆ ತಿದ್ದಿಕೊಳ್ಳುವ ದಾರಿಯಾದರೂ ಉಂಟು. ಚರಿತ್ರೆಯೇ ಇಲ್ಲದವಳು ನಡುವಯಸ್ಸಿನಲ್ಲಿ, ಅತ್ಯಂತ ಅಗತ್ಯದ ವೇಳೆಯಲ್ಲಿ, ಮೊದಲ ಪಾಠದಿಂದ ಆರಂಭಿಸಬೇಕಾಗುತ್ತದೆ. ಐವತ್ತು ವರ್ಷಗಳ ಹಿಂದೆ ಅಮೆರಿಕವು ಕಾನೂನು ಮಾಡಿದ್ದು ಇಂಥ ಸ್ಥಿತಿಯಲ್ಲಿದ್ದವರಿಗಾಗಿಯೇ.

ಇದಕ್ಕೆ ಎರಡು ಸಮಾಧಾನಗಳನ್ನು ಹೇಳುವವರುಂಟು. ಚರಿತ್ರೆಯಿಲ್ಲವೆಂಬ ಒಂದೇ ಕಾರಣದಿಂದ ಮೊದಲ ಸಲ ಸಾಲ ಕೇಳುವವರನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕೇ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿದೆಯಲ್ಲ ಎಂಬುದು ಒಂದು. ಆ ಮಾತು ಸ್ವಾಗತಾರ್ಹವಾದುದು. ಆದರೆ ತಿರಸ್ಕರಿಸದಿರುವುದೂ ಒಳ್ಳೆಯ ಷರತ್ತಿನ ಮೇಲೆ ಕೊಡುವುದೂ ಒಂದೇ ಅಲ್ಲ. ಚರಿತ್ರೆಯುಳ್ಳವನಿಗೆ ದೊರೆಯುವ ಬಡ್ಡಿದರವೂ ಮೊತ್ತವೂ ಅಪರಿಚಿತೆಗೆ ದೊರೆಯಬೇಕೆಂಬ ನಿರ್ಬಂಧ ಅದರಿಂದ ಆಗುವುದಿಲ್ಲ. ಎರಡನೆಯದಾಗಿ, ಅಂಕವೆಂಬುದು ಮನುಷ್ಯನ ಯೋಗ್ಯತೆಯ ಅಳತೆಯೇ ಅಲ್ಲ, ಅದರ ಬೆನ್ನು ಹತ್ತುವುದೇಕೆ ಎಂದು ಕೇಳುವ ವಿರಕ್ತರುಂಟು. ಅಂಕವು ಶೀಲದ ಪ್ರಮಾಣವಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಎಂದೂ ಸಾಲ ಮಾಡದ ಪ್ರಾಮಾಣಿಕನಿಗೆ ಅಲ್ಲಿ ಅಂಕವೇ ಇಲ್ಲದಿರುವುದು ಆ ಗಣನೆಯ ಮಿತಿಯನ್ನು ತೋರಿಸುತ್ತದೆ. ಆದರೂ ಕಸುಬಿಗೆ ಬಂಡವಾಳ ಬೇಕಾದವರಿಗೆ ಈ ವೈರಾಗ್ಯ ದುಬಾರಿಯಾದುದು. ಸಿಬಿಲ್ ಅಂಕವಿಲ್ಲದ ಮಗ್ಗದವಳಿಗೆ ಉಳಿಯುವ ದಾರಿ ಹೆಚ್ಚಿನ ಬಡ್ಡಿಯ ಖಾಸಗಿ ಸಾಲದ್ದು.

ಹಾಗಾದರೆ ಆಡ್-ಆನ್ ಕಾರ್ಡನ್ನು ಬಿಟ್ಟುಬಿಡಬೇಕೆಂದೆ? ಖಂಡಿತವಾಗಿ ಅಲ್ಲ. ಪ್ರವಾಸದಲ್ಲಿರುವ ಮಗಳಿಗೆ, ಆಸ್ಪತ್ರೆಯ ಖರ್ಚಿನ ಭಯವಿರುವ ವೃದ್ಧ ತಂದೆತಾಯಿಗಳಿಗೆ, ಹಣದ ಶಿಸ್ತನ್ನು ಕಲಿಯುತ್ತಿರುವ ತರುಣನಿಗೆ ಅದು ಒಳ್ಳೆಯ ಸಾಧನ. ಅನೇಕ ಬ್ಯಾಂಕುಗಳಲ್ಲಿ ಆಡ್-ಆನ್ ಕಾರ್ಡಿಗೆ ಪ್ರತ್ಯೇಕವಾದ ಕಡಿಮೆ ಮಿತಿಯನ್ನು ಗೊತ್ತುಮಾಡಲು ಅವಕಾಶವಿದೆ. ಅದನ್ನು ಬಳಸಿಕೊಂಡರೆ ಮುಖ್ಯ ಕಾರ್ಡುದಾರನ ಅಂಕಕ್ಕೂ ರಕ್ಷಣೆ. ಆದರೆ ಅನುಕೂಲದ ಸಾಧನವನ್ನು ಯೋಗ್ಯತೆಯ ಸಾಧನವೆಂದು ಭ್ರಮಿಸಬಾರದು. ಯೋಗ್ಯತೆ ಬೇಕಾದವರು ತಮ್ಮ ಹೆಸರಿನಲ್ಲಿಯೇ ಸಣ್ಣದೊಂದು ಹೊಣೆಯನ್ನು ಹೊರಬೇಕು. ನಿಶ್ಚಿತ ಠೇವಣಿಯ ಆಧಾರದ ಮೇಲೆ ವರಮಾನದ ದಾಖಲೆಯಿಲ್ಲದವರಿಗೂ ಸಣ್ಣ ಮಿತಿಯ ಕಾರ್ಡನ್ನು ಕೊಡುವ ಬ್ಯಾಂಕುಗಳುಂಟು. ಬ್ಯಾಂಕಿನಲ್ಲಿ ಒಡವೆಯಿಟ್ಟು ತಂದ ಸಾಲ, ಸಕಾಲದಲ್ಲಿ ತೀರಿದರೆ, ಅದೂ ಚರಿತ್ರೆಯಾಗುತ್ತದೆ. ಒಡವೆ ಆಕೆಯದಾಗಿದ್ದು ಸಾಲ ಮಾತ್ರ ಗಂಡನ ಹೆಸರಿನಲ್ಲಿ ಬರುವ ರೂಢಿಯನ್ನು ಈ ಒಂದು ಕಾರಣಕ್ಕಾದರೂ ಕೈಬಿಡಬೇಕು. ಮನೆಯ ಸಾಲದಲ್ಲಿ, ಮಗ್ಗದ ಸಾಲದಲ್ಲಿ ಹೆಂಡತಿಯನ್ನು ಜಂಟಿ ಸಾಲಗಾರ್ತಿಯಾಗಿ ಸೇರಿಸಿದರೆ ಹೊಣೆಯೂ ಅಂಕವೂ ಇಬ್ಬರಿಗೂ ಸೇರುತ್ತವೆ. ಹೊಣೆ ನಿಜವಾದುದೆಂಬುದನ್ನು ಮಾತ್ರ ಆಕೆಗೆ ಮೊದಲೇ ತಿಳಿಸಬೇಕು. ಕಂತು ತಪ್ಪಿದರೆ ಕಲೆಯೂ ಇಬ್ಬರಿಗೆ.

ಬ್ಯಾಂಕುಗಳ ಕರ್ತವ್ಯವೂ ಒಂದುಂಟು. ಆಡ್-ಆನ್ ಕಾರ್ಡನ್ನು ಕೊಡುವಾಗ ವಿಮಾನನಿಲ್ದಾಣದ ಸೌಕರ್ಯಗಳನ್ನೂ ರಿಯಾಯಿತಿಗಳನ್ನೂ ವಿಸ್ತಾರವಾಗಿ ಮುದ್ರಿಸುವವರು, ಈ ಕಾರ್ಡನ್ನು ಸಾಲಮಾಹಿತಿ ಸಂಸ್ಥೆಗೆ ಯಾರ ಹೆಸರಿನಲ್ಲಿ ವರದಿ ಮಾಡಲಾಗುವುದು, ಅಥವಾ ಯಾರ ಹೆಸರಿನಲ್ಲಿ ಮಾಡಲಾಗುವುದಿಲ್ಲ ಎಂಬ ಒಂದು ವಾಕ್ಯವನ್ನು ಗ್ರಾಹಕನ ಭಾಷೆಯಲ್ಲಿ ಮುದ್ರಿಸುವುದು ಅಸಾಧ್ಯವೇನಲ್ಲ. ಪಲ್ಲಡಂನಲ್ಲಿ ಆ ವಾಕ್ಯ ತಮಿಳಿನಲ್ಲಿರಲಿ, ಬಳ್ಳಾರಿಯಲ್ಲಿ ಕನ್ನಡದಲ್ಲಿರಲಿ. ರಿಸರ್ವ್ ಬ್ಯಾಂಕು ಸಾಲಮಾಹಿತಿಯ ತಪ್ಪನ್ನು 30 ದಿನಗಳೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕನಿಗೆ ಪರಿಹಾರ ಕೊಡಬೇಕೆಂದು 2023ರಲ್ಲಿ ವಿಧಿಸಿತು. ತಪ್ಪು ದಾಖಲೆಗೆ ಪರಿಹಾರವಿರುವ ವ್ಯವಸ್ಥೆಯಲ್ಲಿ, ದಾಖಲೆಯೇ ಆಗದೆಂಬ ಸಂಗತಿಯನ್ನು ಮುಂಚಿತವಾಗಿ ತಿಳಿಸುವ ನಿಯಮವೂ ಇರುವುದು ಯುಕ್ತ.

ಇನ್ನೊಬ್ಬರ ಹೆಸರಿನ ಆಶ್ರಯದಲ್ಲಿ ಖರ್ಚು ಮಾಡಬಹುದು, ಪತ್ತನ್ನು ಸಂಪಾದಿಸಲಾಗದು. ಮನೆಯಲ್ಲಿ ಆಡ್-ಆನ್ ಕಾರ್ಡು ಹಿಡಿದಿರುವ ಹೆಂಡತಿಯೋ ಮಗಳೋ ಸೊಸೆಯೋ ಇರುವ ಪ್ರತಿಯೊಬ್ಬ ಯಜಮಾನನೂ ಈ ವರ್ಷ ಎರಡು ಕಾರ್ಯಗಳನ್ನು ಮಾಡಲಿ: ಶುಲ್ಕವಿಲ್ಲದೆ ದೊರೆಯುವ ಸಾಲವರದಿಯನ್ನು ಅವರ ಹೆಸರಿನಲ್ಲಿ ಅವರಿಂದಲೇ ತರಿಸಿ ಜೊತೆಯಾಗಿ ಓದಲಿ, ಅದು ಬರಿದಾಗಿದ್ದರೆ, ಎಷ್ಟೇ ಸಣ್ಣದಾಗಲಿ, ಅವರದೇ ಹೆಸರಿನಲ್ಲಿ ಒಂದು ಖಾತೆಯನ್ನು ತೆರೆಯಿಸಿ ಅದರ ಬಿಲ್ಲನ್ನು ಅವರ ಕೈಯಿಂದಲೇ ವಾಯಿದೆಗೆ ಸರಿಯಾಗಿ ಕಟ್ಟಿಸಲಿ.